ಡೇಟನ್ ಮೊಕದ್ದಮೆಯಲ್ಲಿ ಎದುರುಬದುರಾದದ್ದು ವಿಜ್ಞಾನ ಮತ್ತು ಬೈಬಲ್ ಮಾತ್ರವೇ?

ಪ್ರಶ್ನೆ: ಇತಿಹಾಸ ಉಪನ್ಯಾಸಕಿ, ಹಾಸನ

ನಮ್ಮ ಪಿಯು ಕಾಲೇಜಿನ ಚರ್ಚಾಸ್ಪರ್ಧೆಗೆ 1925ರ ಜುಲೈನಲ್ಲಿ ಅಮೆರಿಕದ ಟೆನ್ನೆಸೀ ರಾಜ್ಯದ ಡೇಟನ್ ಎಂಬ ಸಣ್ಣ ಊರಿನಲ್ಲಿ ನಡೆದ ಸ್ಕೋಪ್ಸ್ ಮೊಕದ್ದಮೆಯನ್ನು ವಿಷಯವಾಗಿ ಇಟ್ಟಿದ್ದೇನೆ. ವಿದ್ಯಾರ್ಥಿಗಳು ಬರೆದುಕೊಂಡು ಬಂದದ್ದೆಲ್ಲ ಒಂದೇ ಅಚ್ಚಿನಲ್ಲಿದೆ: ರಾಜ್ಯದ ಕಾನೂನು ನಿಷೇಧಿಸಿದ್ದ ವಿಕಾಸವಾದವನ್ನು ಪಾಠ ಮಾಡಿದ ಯುವ ಶಿಕ್ಷಕ ಜಾನ್ ಸ್ಕೋಪ್ಸ್ ಮತ್ತು ಅವನ ವಕೀಲ ಕ್ಲಾರೆನ್ಸ್ ಡ್ಯಾರೋ ಬೆಳಕಿನ ಕಡೆ, ಸರ್ಕಾರದ ಪರ ಬೈಬಲ್ ಹಿಡಿದು ನಿಂತ ವಿಲಿಯಂ ಜೆನ್ನಿಂಗ್ಸ್ ಬ್ರಯಾನ್ ಕತ್ತಲಿನ ಕಡೆ. ಆದರೆ ಬ್ರಯಾನ್ ಕುರಿತು ಓದುತ್ತ ಹೋದಂತೆ ನನಗೇ ಗೊಂದಲವಾಗಿದೆ. ಡೆಮಾಕ್ರಟಿಕ್ ಪಕ್ಷದಿಂದ 1896, 1900 ಮತ್ತು 1908ರಲ್ಲಿ ಅಧ್ಯಕ್ಷ ಪದವಿಗೆ ಸ್ಪರ್ಧಿಸಿದ ಈತ ಸಾಲಗಾರ ರೈತರ ಪರವಾಗಿದ್ದವನು, ಮಹಿಳೆಯರ ಮತದಾನದ ಹಕ್ಕಿಗಾಗಿ ಮಾತನಾಡಿದವನು, ಸರ್ಕಾರದ ಧೋರಣೆ ದೇಶವನ್ನು ಮಹಾಯುದ್ಧಕ್ಕೆ ಎಳೆಯುತ್ತದೆಂಬ ಕಾರಣಕ್ಕೆ 1915ರಲ್ಲಿ ವಿದೇಶಾಂಗ ಕಾರ್ಯದರ್ಶಿಯ ಹುದ್ದೆಯನ್ನೇ ಬಿಟ್ಟವನು. ಇಂಥ ವ್ಯಕ್ತಿ ಒಂದು ಜೀವಶಾಸ್ತ್ರದ ಪಾಠಕ್ಕೆ ಏಕೆ ಅಷ್ಟು ಹೆದರಿದ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1: ನಿವೃತ್ತ ಜೀವಶಾಸ್ತ್ರ ಶಿಕ್ಷಕ

ಮೇಡಂ, ನಿಮ್ಮ ಗೊಂದಲಕ್ಕೆ ಆಧಾರವಿದೆ. ಸ್ಕೋಪ್ಸ್ ಬಳಸಿದ ಪಠ್ಯಪುಸ್ತಕವನ್ನು ತೆರೆದು ನೋಡಿದರೆ ಅರ್ಧ ಉತ್ತರ ಅಲ್ಲಿಯೇ ಸಿಗುತ್ತದೆ.

ಅದು 1914ರಲ್ಲಿ ಪ್ರಕಟವಾದ, ಜಾರ್ಜ್ ಹಂಟರ್ ಎಂಬಾತ ಬರೆದ ಜೀವಶಾಸ್ತ್ರದ ಪುಸ್ತಕ. ಟೆನ್ನೆಸೀ ಸರ್ಕಾರವೇ ತನ್ನ ಶಾಲೆಗಳಿಗೆ ಗೊತ್ತುಪಡಿಸಿದ್ದ ಪುಸ್ತಕ. ಅಂದರೆ ಶಿಕ್ಷಕನು ಆ ಪುಸ್ತಕದಿಂದ ಪಾಠ ಮಾಡುವುದು ಕಡ್ಡಾಯ, ಅದರಲ್ಲಿರುವ ಕೆಲವು ಪುಟಗಳನ್ನು ಓದಿಸುವುದು ಅಪರಾಧ ಎಂಬ ವಿಚಿತ್ರ ಸ್ಥಿತಿ. ವಿಕಾಸದ ವಿವರಣೆಯ ಜೊತೆಗೇ ಆ ಪುಸ್ತಕ ಮನುಷ್ಯರನ್ನು ಐದು ಜನಾಂಗಗಳಾಗಿ ವಿಂಗಡಿಸಿ ಯುರೋಪು ಮತ್ತು ಅಮೆರಿಕದ ಬಿಳಿಯರನ್ನು ಎಲ್ಲರಿಗಿಂತ ಮೇಲೆ ಕೂರಿಸಿತ್ತು. ಬುದ್ಧಿಮಾಂದ್ಯರು, ಕುಡುಕರು, ಅಪರಾಧಿಗಳು ಹುಟ್ಟಿದ ಕೆಲವು ಕುಟುಂಬಗಳನ್ನು ಉದಾಹರಿಸಿ ಅವರನ್ನು ಸಮಾಜದ ಪರಾವಲಂಬಿ ಜೀವಿಗಳೆಂದು ಕರೆದಿತ್ತು. ಇವರು ಪ್ರಾಣಿಗಳಾಗಿದ್ದರೆ ಕೊಂದುಬಿಡಬಹುದಿತ್ತು, ಮನುಷ್ಯರಾದ್ದರಿಂದ ಹಾಗೆ ಮಾಡುವಂತಿಲ್ಲ, ಕಡೇಪಕ್ಷ ಮದುವೆಯಾಗದಂತೆ, ಮಕ್ಕಳನ್ನು ಹುಟ್ಟಿಸದಂತೆ ತಡೆಯಬೇಕು ಎಂಬ ಅರ್ಥದ ಮಾತುಗಳು ಹೈಸ್ಕೂಲು ಮಕ್ಕಳ ಪುಸ್ತಕದಲ್ಲಿದ್ದವು. ಇದನ್ನು ಅಂದು ಯೂಜೆನಿಕ್ಸ್, ಅಂದರೆ ಸುಜನನಶಾಸ್ತ್ರ, ಎಂಬ ಹೆಸರಿನಲ್ಲಿ ವಿಜ್ಞಾನವೆಂದೇ ಬೋಧಿಸುತ್ತಿದ್ದರು. ಮೂವತ್ತು ವರ್ಷ ವಿಕಾಸವಾದವನ್ನು ಸಂತೋಷದಿಂದ ಕಲಿಸಿದ ನಾನು ಈ ಪುಟಗಳನ್ನು ಮೊದಲ ಸಲ ಓದಿದಾಗ ಪುಸ್ತಕವನ್ನು ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ.

ಡೇಟನ್ ಮೊಕದ್ದಮೆಗೆ ಎರಡು ವರ್ಷ ತುಂಬುವ ಮೊದಲೇ, 1927ರಲ್ಲಿ, ಅಮೆರಿಕದ ಸುಪ್ರೀಂ ಕೋರ್ಟು ಬಕ್ ವಿರುದ್ಧ ಬೆಲ್ ಪ್ರಕರಣದಲ್ಲಿ ವರ್ಜೀನಿಯಾದ ಬಲವಂತದ ಸಂತಾನಹರಣ ಕಾನೂನನ್ನು ಎಂಟು ಮತಗಳಿಗೆ ಒಂದರಂತೆ ಎತ್ತಿಹಿಡಿಯಿತು. ಒಪ್ಪದಿದ್ದ ಆ ಒಬ್ಬ ನ್ಯಾಯಮೂರ್ತಿ ಪಿಯರ್ಸ್ ಬಟ್ಲರ್, ಆತ ಕ್ಯಾಥೊಲಿಕ್. (ಟೆನ್ನೆಸೀಯ ವಿಕಾಸವಾದ ವಿರೋಧಿ ಮಸೂದೆಯನ್ನು ತಂದ ರೈತ ಶಾಸಕ ಜಾನ್ ಬಟ್ಲರ್ ಬೇರೆ, ವಿದ್ಯಾರ್ಥಿಗಳು ಹೆಸರನ್ನು ಅದಲುಬದಲು ಮಾಡಿಕೊಳ್ಳದಿರಲಿ.) 1930ರಲ್ಲಿ ಪೋಪ್ ಹನ್ನೊಂದನೆಯ ಪಿಯುಸ್ ಇಂಥ ಸಂತಾನಹರಣವನ್ನು ಸ್ಪಷ್ಟವಾಗಿ ತಿರಸ್ಕರಿಸಿದರು. ಬಲಶಾಲಿಗಳು ದುರ್ಬಲರನ್ನು ತುಳಿದೇ ಜಗತ್ತು ಮುಂದುವರಿಯುತ್ತದೆಂಬ ಬೋಧನೆ ಜರ್ಮನ್ ಸೇನಾಧಿಕಾರಿಗಳ ಯುದ್ಧೋನ್ಮಾದಕ್ಕೆ ಕಾರಣವೆಂದು ಬ್ರಯಾನ್ ನಂಬಿದ್ದ. ಆತನ ಹೆದರಿಕೆಯ ಬೇರು ಬೈಬಲ್ಲಿನ ಸೃಷ್ಟಿಕಥೆಯಿರುವ ಆದಿಕಾಂಡದಲ್ಲಿ ಇದ್ದಷ್ಟೇ ಇಲ್ಲಿಯೂ ಇತ್ತು.

ಉತ್ತರ 2: ವಕೀಲ, ಹುಬ್ಬಳ್ಳಿ

ಮೇಷ್ಟ್ರು ಕೊಟ್ಟ ವಿವರಗಳನ್ನು ಒಪ್ಪುತ್ತೇನೆ, ಆದರೆ ಅವುಗಳಿಂದ ಬ್ರಯಾನ್‌ನನ್ನು ದುರ್ಬಲರ ರಕ್ಷಕನನ್ನಾಗಿ ಮಾಡಹೊರಟರೆ ಒಪ್ಪಲಾರೆ. ಬಟ್ಲರ್ ಕಾನೂನಿನ ಪಠ್ಯದಲ್ಲಿ ಸುಜನನಶಾಸ್ತ್ರದ ಸೊಲ್ಲೇ ಇಲ್ಲ. ಬೈಬಲ್ ಹೇಳುವ ದೈವಿಕ ಸೃಷ್ಟಿಯನ್ನು ಅಲ್ಲಗಳೆದು ಮನುಷ್ಯನು ಕೆಳವರ್ಗದ ಪ್ರಾಣಿಗಳಿಂದ ಬಂದವನೆಂದು ಸರ್ಕಾರಿ ಹಣದಿಂದ ನಡೆಯುವ ಶಾಲೆಗಳಲ್ಲಿ ಕಲಿಸಬಾರದು, ಕಲಿಸಿದರೆ 100ರಿಂದ 500 ಡಾಲರ್ ದಂಡ, ಅಷ್ಟೇ. ಜನಾಂಗಗಳ ಶ್ರೇಣಿಯನ್ನು ಕಲಿಸಿದವನಿಗೆ ಒಂದು ಕಾಸಿನ ದಂಡವೂ ಇರಲಿಲ್ಲ. ಇತ್ತ ಡ್ಯಾರೋ 1926ರಲ್ಲಿ ಸುಜನನಶಾಸ್ತ್ರವನ್ನು ಕಟುವಾಗಿ ಟೀಕಿಸಿ ಲೇಖನವನ್ನೇ ಬರೆದ ಎಂಬುದನ್ನೂ ನಿಮ್ಮ ವಿದ್ಯಾರ್ಥಿಗಳಿಗೆ ಹೇಳಿ.

ರಾಜಕೀಯದ ಕಡೆಗೆ ಗಮನ ಹರಿಸಿದರೆ ಕಥೆ ಇನ್ನೂ ಮಣ್ಣಿಗೆ ಹತ್ತಿರವಾಗುತ್ತದೆ. ಗವರ್ನರ್ ಆಸ್ಟಿನ್ ಪೀಯ್ ಈ ಮಸೂದೆಗೆ ಮಾರ್ಚ್‌ನಲ್ಲಿ ಸಹಿ ಹಾಕುವಾಗಲೇ ಇದು ಬಹುಶಃ ಎಂದೂ ಜಾರಿಗೆ ಬರಲಾರದು ಎಂದಿದ್ದ. ತನ್ನ ಶಿಕ್ಷಣ ಸುಧಾರಣೆಗೆ ಗ್ರಾಮಾಂತರದ ಶಾಸಕರ ಬೆಂಬಲ ಆತನಿಗೆ ಬೇಕಿತ್ತು. ಕಾನೂನನ್ನು ಪರೀಕ್ಷಿಸಲು ಮುಂದೆ ಬರುವ ಶಿಕ್ಷಕನಿಗೆ ನೆರವಾಗುತ್ತೇವೆಂದು ಅಮೆರಿಕನ್ ಸಿವಿಲ್ ಲಿಬರ್ಟೀಸ್ ಯೂನಿಯನ್ ಎಂಬ ನಾಗರಿಕ ಹಕ್ಕುಗಳ ಸಂಘಟನೆ ಪತ್ರಿಕೆಯಲ್ಲಿ ಪ್ರಕಟಿಸಿದಾಗ, ಡೇಟನ್ನಿನ ಕೆಲವು ಪ್ರಮುಖರು ಔಷಧದ ಅಂಗಡಿಯೊಂದರಲ್ಲಿ ಕುಳಿತು, ಊರಿಗೆ ಹೆಸರೂ ವ್ಯಾಪಾರವೂ ಬರುತ್ತದೆಂದು ಲೆಕ್ಕ ಹಾಕಿ, 24 ವರ್ಷದ ಸ್ಕೋಪ್ಸ್‌ನನ್ನು ಕರೆಸಿ ಒಪ್ಪಿಸಿದರು. ಆತ ಫುಟ್‌ಬಾಲ್ ತರಬೇತುದಾರ. ಜೀವಶಾಸ್ತ್ರದ ಖಾಯಂ ಶಿಕ್ಷಕನಲ್ಲ. ವಿಕಾಸದ ಪಾಠ ಮಾಡಿದ್ದೆನೋ ಇಲ್ಲವೋ ಎಂಬುದು ಆತನಿಗೇ ಖಚಿತವಿರಲಿಲ್ಲ. ಸಾಕ್ಷಿಕಟ್ಟೆಯನ್ನೂ ಆತ ಏರಲಿಲ್ಲ.

ಬ್ರಯಾನ್‌ನ ಮುಖ್ಯ ವಾದ ತೆರಿಗೆದಾರರದ್ದು: ಶಾಲೆಗೆ ಹಣ ಕೊಡುವ ಜನರೇ ಅಲ್ಲಿ ಏನನ್ನು ಕಲಿಸಬೇಕೆಂದು ತೀರ್ಮಾನಿಸಬೇಕು. ಕೇಳಲು ಪ್ರಜಾಸತ್ತಾತ್ಮಕವಾಗಿದೆ. ಆದರೆ ಜೀವಜಾತಿಗಳು ಹೇಗೆ ಬಂದವು ಎಂಬುದನ್ನು ಕೈ ಎತ್ತಿಸಿ ಎಣಿಸಿ ನಿರ್ಧರಿಸಲಾಗದು, ಬಹುಮತದ ಧರ್ಮವನ್ನು ಅಲ್ಪಸಂಖ್ಯಾತರ ಮಕ್ಕಳ ಮೇಲೆ ಸರ್ಕಾರಿ ತರಗತಿಯಲ್ಲಿ ಹೇರಲೂಬಾರದು. ನೆರೆಯ ಅರ್ಕನ್ಸಾದಲ್ಲಿ 1928ರಲ್ಲಿ ಇಂಥದೇ ನಿಷೇಧವನ್ನು ಶಾಸಕರಲ್ಲ, ಮತದಾರರೇ ನೇರವಾಗಿ ಜಾರಿಗೆ ತಂದರು. ಅದನ್ನು ತೊಡೆದುಹಾಕಲು 1968ರಲ್ಲಿ ಸುಪ್ರೀಂ ಕೋರ್ಟೇ ಬರಬೇಕಾಯಿತು.

ಇನ್ನು ಡೇಟನ್ನಿನಲ್ಲಿ ವಿಜ್ಞಾನ ಗೆದ್ದಿತೆಂಬ ಮಾತು ತಪ್ಪು. ಸ್ಕೋಪ್ಸ್ ತಪ್ಪಿತಸ್ಥನೆಂದು ತೀರ್ಮಾನವಾಗಿ 100 ಡಾಲರ್ ದಂಡ ಬಿತ್ತು. 50 ಡಾಲರಿಗಿಂತ ಹೆಚ್ಚಿನ ದಂಡವನ್ನು ಜೂರಿಯೇ ವಿಧಿಸಬೇಕೆಂಬ ರಾಜ್ಯ ಸಂವಿಧಾನದ ನಿಯಮವನ್ನು ನ್ಯಾಯಾಧೀಶ ಮೀರಿದ್ದನೆಂಬ ತಾಂತ್ರಿಕ ಕಾರಣಕ್ಕೆ 1927ರ ಜನವರಿಯಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಶಿಕ್ಷೆಯನ್ನು ರದ್ದುಮಾಡಿತು, ಕಾನೂನು ಮಾತ್ರ ಸಿಂಧುವೆಂದಿತು. ಅದು 1967ರ ತನಕ ಉಳಿಯಿತು.

ಉತ್ತರ 3: ಸಿಎಸ್ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯ ಸದಸ್ಯ, ಮಂಗಳೂರು

ನಾನು ವಿಶ್ವಾಸಿ, ವೃತ್ತಿಯಿಂದ ರಸಾಯನಶಾಸ್ತ್ರಜ್ಞ. ಈ ಚರ್ಚೆಗಳಲ್ಲಿ ಕ್ರೈಸ್ತರೆಂದರೆ ಒಂದೇ ಬಣವೆಂದು ಎಣಿಸುವುದು ನನಗೆ ಪ್ರತಿಸಲವೂ ಕಿರಿಕಿರಿ ಉಂಟುಮಾಡುತ್ತದೆ, ಆದ್ದರಿಂದ ಬಿಟ್ಟುಹೋದ ಕೆಲವು ಹೆಸರುಗಳನ್ನು ಸೇರಿಸುತ್ತೇನೆ.

ಡೇಟನ್ನಿನಲ್ಲಿ ಡ್ಯಾರೋ ಕಡೆಯಿಂದ ಸಾಕ್ಷ್ಯ ನುಡಿದ ಪ್ರಾಣಿಶಾಸ್ತ್ರಜ್ಞ ಮೇನಾರ್ಡ್ ಮೆಟ್ಕಾಫ್ ತನ್ನ ಚರ್ಚಿನಲ್ಲಿ ಬೈಬಲ್ ತರಗತಿ ನಡೆಸಿದವರು. ಅವರ ಮಾತನ್ನು ಜೂರಿಯನ್ನು ಹೊರಗೆ ಕಳುಹಿಸಿ ಕೇಳಲಾಯಿತು. ಜುಲೈ 20ರಂದು ನ್ಯಾಯಾಲಯದ ಹೊರಗಿನ ಹುಲ್ಲುಹಾಸಿನ ಮೇಲೆ ಡ್ಯಾರೋ ಪ್ರಶ್ನಿಸಿದಾಗ, ಸೃಷ್ಟಿಯ ಆರು ದಿನಗಳು ಇಪ್ಪತ್ನಾಲ್ಕು ಗಂಟೆಯ ದಿನಗಳೇ ಆಗಿರಬೇಕಿಲ್ಲವೆಂದು ಬ್ರಯಾನ್ ತಾನೇ ಒಪ್ಪಿದ. ಆರು ದಿನಗಳನ್ನು ಅಕ್ಷರಶಃ ಹಿಡಿಯುವ ಇಂದಿನ ಸೃಷ್ಟಿವಾದಿಗಳಿಗೆ ಅಷ್ಟು ಸಡಿಲವೂ ಸಹಿಸದು.

1981ರಲ್ಲಿ ಅರ್ಕನ್ಸಾ ರಾಜ್ಯವು ವಿಕಾಸವಾದಕ್ಕೆ ಕೊಟ್ಟಷ್ಟೇ ಸಮಯವನ್ನು, ಸೃಷ್ಟಿಯ ಕಥೆಯನ್ನೇ ವಿಜ್ಞಾನವೆನ್ನುವ ‘ಸೃಷ್ಟಿವಿಜ್ಞಾನ’ಕ್ಕೂ ಕೊಡಬೇಕೆಂದು ಕಾನೂನು ಮಾಡಿತು. ಅದರ ವಿರುದ್ಧ ನ್ಯಾಯಾಲಯಕ್ಕೆ ಹೋದವರಲ್ಲಿ ಮೊದಲ ಹೆಸರು ಯಾವ ವಿಜ್ಞಾನಿಯದೂ ಅಲ್ಲ, ವಿಲಿಯಂ ಮೆಕ್ಲೀನ್ ಎಂಬ ಮೆಥೊಡಿಸ್ಟ್ ಸಭಾಪಾಲಕರದು. ಮೆಥೊಡಿಸ್ಟ್, ಎಪಿಸ್ಕೋಪಲ್ ಮತ್ತು ಕ್ಯಾಥೊಲಿಕ್ ಬಿಷಪ್ಪರೂ ಜೊತೆಗಿದ್ದರು. 1982ರ ಜನವರಿಯಲ್ಲಿ ಕಾನೂನು ಬಿದ್ದುಹೋಯಿತು. 2004ರಲ್ಲಿ ಪೆನ್ಸಿಲ್ವೇನಿಯಾದ ಡೋವರ್ ಎಂಬಲ್ಲಿ ಶಾಲಾ ಮಂಡಳಿಯು ಅದೇ ವಾದವನ್ನು ‘ಬುದ್ಧಿಪೂರ್ವಕ ವಿನ್ಯಾಸ’ ಎಂಬ ಹೊಸ ಅಂಗಿ ತೊಡಿಸಿ ತಂದಾಗ, ಅದರ ವಿರುದ್ಧದ ಪ್ರಮುಖ ಸಾಕ್ಷಿ ಕೆನೆತ್ ಮಿಲ್ಲರ್; ಜೀವಶಾಸ್ತ್ರಜ್ಞರು, ಕ್ಯಾಥೊಲಿಕ್ ವಿಶ್ವಾಸಿ. ಅದು ವಿಜ್ಞಾನವಲ್ಲವೆಂದು 2005ರಲ್ಲಿ ತೀರ್ಪು ಕೊಟ್ಟ ನ್ಯಾಯಾಧೀಶ ಜಾನ್ ಜೋನ್ಸ್ ಅವರನ್ನು ನೇಮಿಸಿದ್ದವರು ಅಧ್ಯಕ್ಷ ಜಾರ್ಜ್ ಡಬ್ಲ್ಯೂ. ಬುಷ್. ಸಭಾಪಾಲಕರು ಏಕೆ ಮುಂದೆ ಬಂದರು ಎಂದು ಕೇಳಿದರೆ ನನ್ನ ಉತ್ತರ ಸರಳ: ದೇವರನ್ನು ಪ್ರಯೋಗಶಾಲೆಯ ಊಹೆಯಾಗಿ ಇಳಿಸಿ ಸರ್ಕಾರದ ಕೈಗೆ ಕೊಟ್ಟರೆ ಮೊದಲು ಕೆಡುವುದು ವಿಶ್ವಾಸವೇ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ‘ವಿಜ್ಞಾನವೋ ಧರ್ಮವೋ’ ಎಂದು ನಾನು ಇಟ್ಟಿದ್ದ ಚರ್ಚಾವಿಷಯವನ್ನು ಬದಲಾಯಿಸಿ, ‘ಸರ್ಕಾರಿ ಶಾಲೆಯ ಪಾಠವನ್ನು ನಿರ್ಧರಿಸುವ ಅಧಿಕಾರ ಯಾರದು’ ಎಂದು ಇಡಲು ಯೋಚಿಸುತ್ತಿದ್ದೇನೆ. ಒಂದು ಅನುಮಾನ ಮಾತ್ರ ಉಳಿದಿದೆ. 2023ರಲ್ಲಿ ಎನ್‌ಸಿಇಆರ್‌ಟಿ ಹತ್ತನೆಯ ತರಗತಿಯ ಪುಸ್ತಕದಿಂದ ವಿಕಾಸದ ಭಾಗವನ್ನು ತೆಗೆದದ್ದನ್ನು ವಿದ್ಯಾರ್ಥಿಗಳು ಎತ್ತಿದರೆ ಹೋಲಿಕೆ ಸರಿಯೇ?

ಉತ್ತರ 1 ಬರೆದವರು

ಹೋಲಿಕೆಯನ್ನು ಅಳೆದು ಮಾಡಲಿ. ಇಲ್ಲಿ ಕೊಟ್ಟ ಕಾರಣ ಪಠ್ಯದ ಹೊರೆ ಇಳಿಸುವುದು, ಧರ್ಮಗ್ರಂಥವಲ್ಲ. ಪಾಠ ಮಾಡಿದವನಿಗೆ ದಂಡವೂ ಇಲ್ಲ. ಹನ್ನೆರಡನೆಯ ತರಗತಿಯ ಜೀವಶಾಸ್ತ್ರದಲ್ಲಿ ಅಧ್ಯಾಯ ಉಳಿದಿದೆ. ಆದರೆ ಹತ್ತರ ನಂತರ ವಾಣಿಜ್ಯಕ್ಕೋ ಕಲೆಗೋ ಹೋಗುವ ಮಗುವಿಗೆ ಆ ಅಧ್ಯಾಯ ಕಣ್ಣಿಗೇ ಬೀಳುವುದಿಲ್ಲ. ವಕೀಲರು ಹೇಳಿದ ಸುಜನನಶಾಸ್ತ್ರದ ಮಾತನ್ನು ಒಪ್ಪಿಕೊಂಡಿದ್ದೇನೆ. ನನ್ನ ಮೊದಲ ಉತ್ತರದ ಕೊನೆಯ ವಾಕ್ಯದಲ್ಲಿ ‘ಇದ್ದಷ್ಟೇ’ ಎಂಬ ಪದವನ್ನು ‘ಇದ್ದಂತೆ’ ಎಂದು ಓದಿಕೊಳ್ಳಿ.