ಅಪ್‌ಡೇಟ್: ಡನ್ನಾಟರ್ ನೋಡಿಬಂದೆವು

ಸ್ಕಾಟ್ಲೆಂಡಿನ ಅಬರ್ಡೀನ್ ಕಡೆಯ ಕಡಲತೀರದಲ್ಲಿ ಡನ್ನಾಟರ್, ಸ್ಲೇನ್ಸ್ ಎರಡರಲ್ಲಿ ಯಾವ ಕೋಟೆ ನೋಡಬೇಕು, ಮಂಡಿನೋವಿರುವ ಅಮ್ಮನಿಗೆ ಆದೀತೇ ಎಂದು ಕೇಳಿದ್ದೆ. ಹೆಚ್ಚಿನವರು ಡನ್ನಾಟರ್ ಎಂದಿರಿ; ಧನ್ಯವಾದಗಳು.

ಸ್ಟೋನ್‌ಹೇವನ್ ರೈಲು ನಿಲ್ದಾಣದಿಂದ ಟ್ಯಾಕ್ಸಿ ಹಿಡಿದೆವು. ಇನ್ನೂರಕ್ಕೂ ಹೆಚ್ಚು ಮೆಟ್ಟಿಲುಗಳಿವೆ. ಅಮ್ಮ ಎದುರಿನ ಬಂಡೆಯಂಚಿನಲ್ಲೇ ಕುಳಿತರು. ನಿಜ ಹೇಳಬೇಕೆಂದರೆ ಕೋಟೆ ಚೆನ್ನಾಗಿ ಕಾಣುವುದು ಅಲ್ಲಿಂದಲೇ. ಮೂರು ಕಡೆ ಸಮುದ್ರ, ಸುಮಾರು 50 ಮೀಟರ್ ಎತ್ತರದ ಕಡಿದಾದ ಬಂಡೆ.

ಇದು ಕೀತ್ ಮನೆತನದ ನೆಲೆಯಾಗಿತ್ತು. ಇಂಗ್ಲೆಂಡಿನ ಸೇನಾನಾಯಕ ಕ್ರಾಮ್‌ವೆಲ್‌ನ ಸೈನ್ಯ ಮುತ್ತಿಗೆ ಹಾಕಿದ್ದಾಗ ಸ್ಕಾಟ್ಲೆಂಡಿನ ಕಿರೀಟ, ರಾಜದಂಡ, ಖಡ್ಗಗಳನ್ನು ಗುಟ್ಟಾಗಿ ಸಾಗಿಸಿ ಕಿನೆಫ್ ಚರ್ಚಿನ ನೆಲದಡಿ ಹೂತಿಟ್ಟರು. 1652ರ ಮೇ ತಿಂಗಳಲ್ಲಿ ಕೋಟೆ ಶರಣಾದಾಗ ಶತ್ರುವಿಗೆ ಸಿಕ್ಕಿದ್ದು ಬರಿಗೈ! ಇದೇ ಕೋಟೆಯ ನೆಲಮಾಳಿಗೆಯಲ್ಲಿ 1685ರಲ್ಲಿ 167 ಮಂದಿ ಕವೆನಂಟರ್ (ಚರ್ಚಿನ ವಿಷಯದಲ್ಲಿ ರಾಜನ ಹಿಡಿತ ಒಪ್ಪದ ಪ್ರೊಟೆಸ್ಟೆಂಟ್) ಸ್ತ್ರೀಪುರುಷರನ್ನು ಸೆರೆಯಾಳುಗಳಾಗಿ ತುಂಬಿದ್ದರು. ಆ ಕೋಣೆಯಲ್ಲಿ ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ. ಪದಚ್ಯುತ ಸ್ಟುವರ್ಟ್ ರಾಜವಂಶದ ಪರವಾಗಿ ಎದ್ದ 1715ರ ಜಾಕೋಬೈಟ್ ದಂಗೆಗೆ ಸೇರಿದ ತಪ್ಪಿಗೆ ಕೀತರು ಎಲ್ಲವನ್ನೂ ಕಳೆದುಕೊಂಡರು.

ಸ್ಲೇನ್ಸ್ ಬಿಟ್ಟೆವು. ಹೇ ಮನೆತನದ ಆ ಅರಮನೆಗೆ 1925ರಿಂದ ಚಾವಣಿಯೇ ಇಲ್ಲ, ಆ ಗಾಳಿಯಲ್ಲಿ ಅಮ್ಮನನ್ನು ಅಲ್ಲಿಗೆ ಕರೆದೊಯ್ಯುವ ಧೈರ್ಯವಾಗಲಿಲ್ಲ. ಹೋಗುವವರು ಗಾಳಿ ತಡೆಯುವ ಜಾಕೆಟ್ ಒಯ್ಯಿರಿ, ಛತ್ರಿ ನಿಷ್ಪ್ರಯೋಜಕ.