ಅಪ್‌ಡೇಟ್: ಚಿಕ್ಕಮ್ಮನ ಸಾಕ್ಷ್ಯ ಮೇಲ್ಮನವಿಯಲ್ಲಿ ನಿಂತಿತು

ಅಕ್ಕನ ವಿಚ್ಛೇದನ ಪ್ರಕರಣದಲ್ಲಿ, ಹತ್ತಿರದ ಸಂಬಂಧಿ ಎಂಬ ಕಾರಣಕ್ಕೆ ಚಿಕ್ಕಮ್ಮನ ಸಾಕ್ಷ್ಯವನ್ನು ಮೇಲ್ಮನವಿಯಲ್ಲಿ ತಳ್ಳಿಹಾಕಬಹುದೇ ಎಂದು ಕೇಳಿದ್ದೆ. ಕ್ರೌರ್ಯದ ಆಧಾರದ ಮೇಲೆ ಅಕ್ಕನಿಗೆ ಸಿಕ್ಕಿದ್ದ ವಿಚ್ಛೇದನದ ಡಿಕ್ರಿಯನ್ನು (ನ್ಯಾಯಾಲಯದ ಆದೇಶವನ್ನು) ಭಾವ 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 19ನೇ ಕಲಮಿನಡಿ ಪ್ರಶ್ನಿಸಿದ್ದರು. ಹೈಕೋರ್ಟಿನ ದ್ವಿಸದಸ್ಯ ಪೀಠ ಆ ಮೇಲ್ಮನವಿಯನ್ನು ವಜಾಗೊಳಿಸಿದೆ.

ತೀರ್ಥಹಳ್ಳಿ ಕಡೆಯ ತೋಟದ ಒಂಟಿಮನೆಯಲ್ಲಿ, ನೆರೆಮನೆಯೇ ಗುಡ್ಡದಾಚೆ ಇರುವಾಗ, ಒಳಗೆ ನಡೆದದ್ದನ್ನು ಮನೆಯವರಲ್ಲದೆ ಇನ್ಯಾರು ಕಾಣಬಲ್ಲರು ಎಂಬ ನಮ್ಮ ವಕೀಲರ ವಾದವನ್ನು ಪೀಠ ಒಪ್ಪಿತು. ಎದುರು ಪಕ್ಷದ ವಕೀಲರ ಪಾಟೀಸವಾಲಿನಲ್ಲಿ ಚಿಕ್ಕಮ್ಮ ಘಟನೆ ನಡೆದ ತಿಂಗಳನ್ನು ತಪ್ಪಾಗಿ ಹೇಳಿದ್ದೇ ನಮ್ಮನ್ನು ಬಹಳ ಕಾಡಿದ್ದು. ಆದರೆ ಅದು ಕೊನೆಕೊಯ್ಲಿನ (ಅಡಿಕೆ ಗೊನೆ ಕೊಯ್ಯುವ) ಸಮಯವೆಂದು ಅವರು ಕದಲದೆ ಹೇಳಿದ್ದು ಆಸ್ಪತ್ರೆಯ ದಾಖಲೆಗೆ ತಾಳೆಯಾದ್ದರಿಂದ, ಅದನ್ನು ಸಣ್ಣ ವ್ಯತ್ಯಾಸವೆಂದೇ ಪರಿಗಣಿಸಲಾಯಿತು. ಸಾಕ್ಷಿಯನ್ನು ಎದುರಿಗೆ ಕಂಡು ನಂಬಿದ ವಿಚಾರಣಾ ನ್ಯಾಯಾಧೀಶರ ಅಭಿಪ್ರಾಯಕ್ಕೂ ಪೀಠ ಬೆಲೆ ಕೊಟ್ಟಿತು. ನಿನ್ನೆ ಸಂಜೆ ತೀರ್ಪನ್ನು ಚಿಕ್ಕಮ್ಮನಿಗೆ ಪೂರ್ತಿಯಾಗಿ ಓದಿ ಹೇಳಿದೆ.