‘ಕಾರ್ನ್’ ಎಂದರೆ ಯಾವ ಜೋಳ?

ಪದವಿ ವಿದ್ಯಾರ್ಥಿಗಳಿಗಾಗಿ ಸಿದ್ಧಪಡಿಸಿದ ಇತಿಹಾಸದ ಟಿಪ್ಪಣಿಯೊಂದರಲ್ಲಿ, ಇಂಗ್ಲೆಂಡಿನ ‘ಕಾರ್ನ್ ಲಾಸ್’ ಎಂಬ ಕಾನೂನುಗಳನ್ನು ‘ಮೆಕ್ಕೆಜೋಳದ ಕಾಯ್ದೆಗಳು’ ಎಂದು ಕನ್ನಡಿಸಿರುವುದನ್ನು ಕಂಡೆ. ದಾವಣಗೆರೆ, ಹರಿಹರ, ಜಗಳೂರು ಸೀಮೆಯವರು ಹೀಗೆ ಬರೆದರೆ ಆಶ್ಚರ್ಯವಿಲ್ಲ. ಮುಂಗಾರಿನಲ್ಲಿ ಇಲ್ಲಿ ಊರು ದಾಟಿದರೆ ಮೊದಲು ಕಣ್ಣಿಗೆ ಬೀಳುವುದು ಮೆಕ್ಕೆಜೋಳದ ಹೊಲವೇ; ಪೇಟೆಯಲ್ಲಿ ‘ಸ್ವೀಟ್ ಕಾರ್ನ್’, ‘ಪಾಪ್‌ಕಾರ್ನ್’, ‘ಬೇಬಿ ಕಾರ್ನ್’ ಎಂದು ಮಾರುವುದೂ ಅದನ್ನೇ. ಆದರೆ 1815ರ ಆ ಕಾಯ್ದೆಗೂ ಮೆಕ್ಕೆಜೋಳಕ್ಕೂ ಸಂಬಂಧವಿಲ್ಲ. ಇಂಗ್ಲೆಂಡಿನಲ್ಲಿ ಬೆಳೆದ ಗೋಧಿಯ ಬೆಲೆ ‘ಕ್ವಾರ್ಟರ್’ ಎಂಬ ಧಾನ್ಯದ ಅಳತೆಯೊಂದಕ್ಕೆ 80 ಶಿಲ್ಲಿಂಗ್ ಮುಟ್ಟುವವರೆಗೆ ಹೊರದೇಶದ ಗೋಧಿಯನ್ನು ಅಲ್ಲಿನ ಮಾರುಕಟ್ಟೆಗೆ ಬಿಡಬಾರದೆಂಬುದು ಅದರ ಮುಖ್ಯ ಕಟ್ಟಳೆಯಾಗಿತ್ತು. 1846ರಲ್ಲಿ ಪ್ರಧಾನಿ ರಾಬರ್ಟ್ ಪೀಲ್ ಇಂಥ ಕಾನೂನುಗಳನ್ನು ರದ್ದುಪಡಿಸಲು ಸಂಸತ್ತನ್ನು ಒಪ್ಪಿಸಿದರು.

ಇದೇ ಚರಿತ್ರೆಯ ಪಕ್ಕದ ಪುಟದಲ್ಲಿ ಮೆಕ್ಕೆಜೋಳ ನಿಜವಾಗಿಯೂ ಬರುತ್ತದೆ ಎಂಬುದು ಸ್ವಾರಸ್ಯಕರವಾದ ಸಂಗತಿ. 1845ರಲ್ಲಿ ಐರ್ಲೆಂಡಿನಲ್ಲಿ ಆಲೂಗಡ್ಡೆಗೆ ರೋಗ ತಗುಲಿ ಬರ ಆರಂಭವಾದಾಗ, ಅದೇ ಪೀಲ್ ಅಮೆರಿಕದಿಂದ ಒಂದು ಲಕ್ಷ ಪೌಂಡ್ ಮೌಲ್ಯದ ಮೆಕ್ಕೆಜೋಳವನ್ನು ಗುಟ್ಟಾಗಿ ಖರೀದಿ ಮಾಡಿಸಿದರು. ದಾಖಲೆಗಳಲ್ಲಿ ಅದಕ್ಕೆ ಬರಿಯ ‘ಕಾರ್ನ್’ ಎಂಬ ಹೆಸರಿಲ್ಲ, ‘ಇಂಡಿಯನ್ ಕಾರ್ನ್’ ಎಂದಿದೆ. ಇಲ್ಲಿ ‘ಇಂಡಿಯನ್’ ಎಂದರೆ ಅಮೆರಿಕದ ಮೂಲನಿವಾಸಿಗಳದು ಎಂದರ್ಥವೇ ಹೊರತು ನಮ್ಮ ದೇಶದ್ದು ಎಂದಲ್ಲ. ಒಂದೇ ಅಧ್ಯಾಯದಲ್ಲಿ ಈ ಎರಡೂ ಬಂದಾಗ ಎರಡನ್ನೂ ಮೆಕ್ಕೆಜೋಳ ಎಂದುಬಿಟ್ಟರೆ, ಯಾವುದನ್ನು ತಡೆದರು, ಯಾವುದನ್ನು ತರಿಸಿದರು ಎಂಬುದೇ ವಿದ್ಯಾರ್ಥಿಗೆ ತಿಳಿಯುವುದಿಲ್ಲ.

‘ಕಾರ್ನ್’ ಎಂಬುದು ಒಂದು ಬೆಳೆಯ ಹೆಸರಾಗಿ ಹುಟ್ಟಿದ ಪದವಲ್ಲ. ಅದರ ಮೂಲಾರ್ಥ ಕಾಳು ಎಂದಷ್ಟೇ. ಯಾವ ನಾಡಿನಲ್ಲಿ ಯಾವ ಕಾಳು ಹೊಟ್ಟೆ ತುಂಬಿಸುತ್ತಿತ್ತೋ ಆ ಕಾಳಿಗೆ ಈ ಹೆಸರು ನಿಂತಿತು. ಇಂಗ್ಲೆಂಡಿನಲ್ಲಿ ಗೋಧಿ, ಸ್ಕಾಟ್ಲೆಂಡಿನಲ್ಲಿ ಓಟ್ಸ್, ಅಮೆರಿಕದಲ್ಲಿ ಮೆಕ್ಕೆಜೋಳ. ಇದರ ಜರ್ಮನ್ ರೂಪ ‘ಕೋರ್ನ್’ ಆ ದೇಶದ ಬಹುಭಾಗದಲ್ಲಿ ರೈ ಎಂಬ ಧಾನ್ಯವನ್ನು ಸೂಚಿಸುತ್ತಿತ್ತು. ನಮ್ಮ ದೇಶದಲ್ಲಿಯೂ ಇಂಥದೇ ನಡೆದಿದೆ. ಸಂಸ್ಕೃತದ ‘ಧಾನ್ಯ’ ಎಲ್ಲ ಕಾಳುಗಳಿಗೂ ಸಲ್ಲುವ ಪದ. ಅದೇ ಪದ ಹಿಂದಿ, ಬಂಗಾಳಿಗಳಲ್ಲಿ ‘ಧಾನ್’ ಎಂದಾಗಿ ಭತ್ತವೊಂದಕ್ಕೇ ಮೀಸಲಾಯಿತು.

ಈ ಪದದ ಬಂಧುಬಳಗ ದೊಡ್ಡದು. ಲ್ಯಾಟಿನ್ನಿನ ‘ಗ್ರಾನುಮ್’ ಮತ್ತು ಅದರಿಂದ ಬಂದ ಇಂಗ್ಲಿಷಿನ ‘ಗ್ರೇನ್’ ಇದರ ದಾಯಾದಿಗಳು. ‘ಕರ್ನೆಲ್’ ಎಂದರೆ ಪುಟ್ಟ ಕಾರ್ನ್. ಲ್ಯಾಟಿನ್, ಇಂಗ್ಲಿಷ್, ಸಂಸ್ಕೃತಗಳೆಲ್ಲ ಹುಟ್ಟಿದ ಮೂಲಭಾಷೆಯ ಒಂದು ಬಗೆಯ ಗಕಾರ ಲ್ಯಾಟಿನ್ನಿನಲ್ಲಿ ಗಕಾರವಾಗಿಯೇ ಉಳಿದು, ಇಂಗ್ಲಿಷ್ ಸೇರಿದ ಜರ್ಮಾನಿಕ್ ಕವಲಿನಲ್ಲಿ ಕಕಾರವಾಗಿ, ಸಂಸ್ಕೃತದಲ್ಲಿ ಜಕಾರವಾಗುತ್ತದೆ. ಮಂಡಿಗೆ ಲ್ಯಾಟಿನ್ನಿನಲ್ಲಿ ‘ಗೆನು’, ಸಂಸ್ಕೃತದಲ್ಲಿ ‘ಜಾನು’ ಎಂದಿದ್ದು, ಇಂಗ್ಲಿಷಿನ ‘ನೀ’ (knee) ಎಂಬುದರ ಕಾಗುಣಿತದಲ್ಲಿ ಉಚ್ಚರಿಸದ ಕಕಾರ ಇಂದಿಗೂ ಉಳಿದಿರುವುದು ಈ ನಿಯಮದಿಂದಲೇ. ಇದೇ ದಾರಿಯಲ್ಲಿ ಹೋದರೆ ಕಾರ್ನ್ ಪದಕ್ಕೆ ಸಂಸ್ಕೃತದಲ್ಲಿ ಸಿಗುವ ನಂಟು ‘ಜೀರ್ಣ’. ಸವೆಯುವುದು, ಹಣ್ಣಾಗುವುದು ಎಂಬರ್ಥದ ಧಾತುವಿನಿಂದ ಎರಡೂ ಬಂದಿವೆ ಎಂದು ವ್ಯುತ್ಪತ್ತಿಕಾರರು ಹೇಳುತ್ತಾರೆ. ಜೀರ್ಣೋದ್ಧಾರಕ್ಕೂ ಅಜೀರ್ಣಕ್ಕೂ ಪಾಪ್‌ಕಾರ್ನಿಗೂ ನಂಟಿದೆ ಎಂದರೆ ಮೊದಲಿಗೆ ನಗು ಬರಬಹುದು. ಧ್ವನಿನಿಯಮ ಮಾತ್ರ ಗಟ್ಟಿಯಾಗಿದೆ.

ಪಾದದಲ್ಲಿ ಗಂಟು ಕಟ್ಟಿ ನೋಯುವ ಆಣಿಗೂ ಇಂಗ್ಲಿಷಿನಲ್ಲಿ ‘ಕಾರ್ನ್’ ಎನ್ನುತ್ತಾರೆ. ಕಾಳಿನಂತೆ ಗಟ್ಟಿಯಾಗಿರುವುದರಿಂದ ಈ ಹೆಸರು ಬಂತೆಂದು ವಿವರಿಸುವವರಿದ್ದಾರೆ. ಅದು ಸರಿಯಲ್ಲ. ಆ ಪದ ಬೇರೆಯೇ ಆಗಿದ್ದು, ಕೊಂಬು ಎಂಬರ್ಥದ ಲ್ಯಾಟಿನ್ ‘ಕೊರ್ನು’ ಪದದಿಂದ ಫ್ರೆಂಚಿನ ಮೂಲಕ ಬಂದಿದೆ. ಒಂಟಿ ಕೊಂಬಿನ ‘ಯೂನಿಕಾರ್ನ್’ನಲ್ಲಿರುವುದು ಇದೇ. ಇದರ ಸಂಸ್ಕೃತದ ನಂಟು ‘ಶೃಂಗ’. ಹೀಗೆ ಜೀರ್ಣದ ಬಳಗದ ಒಂದು ಪದ, ಶೃಂಗದ ಬಳಗದ ಮತ್ತೊಂದು ಪದ ಇಂಗ್ಲಿಷಿಗೆ ಬರುವಷ್ಟರಲ್ಲಿ ಒಂದೇ ಕಾಗುಣಿತ, ಒಂದೇ ಉಚ್ಚಾರಣೆ ಪಡೆದುಬಿಟ್ಟಿವೆ. ಕನ್ನಡಿಗರು ಅದೇ ನೋವನ್ನು ಮೊಳೆಗೆ ಹೋಲಿಸಿ ಆಣಿ ಎಂದರು. ಜರ್ಮನರು ಕೋಳಿಯ ಕಣ್ಣು ಎನ್ನುತ್ತಾರೆ. ತೆನೆ ಎಂಬರ್ಥದ ‘ಇಯರ್’ ಪದದ್ದೂ ಇದೇ ಕಥೆ: ಅದು ಚೂಪು ಎಂಬರ್ಥದ ಧಾತುವಿನಿಂದ ಬಂದದ್ದು, ಕಿವಿಯ ‘ಇಯರ್’ ಜೊತೆ ಅದಕ್ಕೆ ಸಂಬಂಧವಿಲ್ಲ.

ಕಾಳು ಎಂಬ ಮೂಲಾರ್ಥ ಕೆಲವು ಸಮಾಸಗಳಲ್ಲಿ ಹಾಗೆಯೇ ಉಳಿದಿದೆ. ‘ಪೆಪ್ಪರ್‌ಕಾರ್ನ್’ ಎಂದರೆ ಮೆಣಸಿನ ಕಾಳು. ‘ಬಾರ್ಲಿಕಾರ್ನ್’ ಎಂಬುದು ಹಳೆಯ ಅಳತೆಯಾಗಿದ್ದು, ಮೂರು ಬಾರ್ಲಿಕಾಳು ಸೇರಿದರೆ ಒಂದು ಇಂಚು. ಬ್ರಿಟಿಷ್ ಪದ್ಧತಿಯ ಪಾದರಕ್ಷೆಗಳಲ್ಲಿ ಒಂದು ನಂಬರಿಗೂ ಮುಂದಿನ ನಂಬರಿಗೂ ಇರುವ ಅಂತರ ಇಂದಿಗೂ ಇಂಚಿನ ಮೂರನೆಯ ಒಂದು ಭಾಗವೇ. ‘ಕಾರ್ನ್ಡ್ ಬೀಫ್’ ಎಂಬುದರಲ್ಲಿ ಯಾವ ಜೋಳವೂ ಇಲ್ಲ, ಇರುವುದು ಮಾಂಸ ಕೆಡದಂತೆ ಹಚ್ಚುವ ಹರಳುಪ್ಪಿನ ಕಾಳು. ಅಡುಗೆ ಬರಹ ಅನುವಾದಿಸುವವರು ಗಮನಿಸಬೇಕಾದುದು ‘ಕಾರ್ನ್ ಫ್ಲೋರ್’. ಬ್ರಿಟನ್ನಿನಲ್ಲಿಯೂ ನಮ್ಮಲ್ಲಿಯೂ ಅದು ಮೆಕ್ಕೆಜೋಳದಿಂದ ಬೇರ್ಪಡಿಸಿದ ಬಿಳಿಯ ಪಿಷ್ಟ. ಅಮೆರಿಕದಲ್ಲಿ ಅದೇ ಮಾತಿಗೆ ಬೀಸಿದ ಹಿಟ್ಟು ಎಂದರ್ಥ. ಗೋಬಿ ಮಂಚೂರಿಗೆ ‘ಮೆಕ್ಕೆಜೋಳದ ಹಿಟ್ಟು’ ಹಾಕಿರೆಂದು ಬರೆದರೆ, ಓದಿದವರು ಗಿರಣಿಗೆ ಹೋಗಿ ಬೀಸಿಸಿಕೊಂಡು ಬಂದಾರು.

ಇನ್ನು ನಮ್ಮ ಜೋಳದ ವಿಷಯ. ಮೆಕ್ಕೆಜೋಳ ಅಮೆರಿಕ ಖಂಡದ ಬೆಳೆಯಾಗಿದ್ದು, 1492ರ ಕೊಲಂಬಸನ ಯಾನದ ನಂತರವೇ ಉಳಿದ ಜಗತ್ತಿಗೆ ಪರಿಚಯವಾಯಿತು. ‘ಮೇಜ್’ ಎಂಬ ಹೆಸರು ಕೆರಿಬಿಯನ್ ದ್ವೀಪಗಳ ತೈನೊ ಭಾಷೆಯಿಂದ ಸ್ಪ್ಯಾನಿಷ್ ಮೂಲಕ ಬಂದದ್ದು. ಹೊಸದಾಗಿ ಬಂದ ಈ ಕಾಳಿಗೆ ಹಲವು ಭಾಷೆಗಳು ತಮ್ಮ ಹಳೆಯ ಕಾಳಿನ ಹೆಸರಿಗೇ ಒಂದು ವಿಶೇಷಣ ಸೇರಿಸಿದವು. ಇಟಲಿಯವರಿಗೆ ಅದು ತುರ್ಕರ ಕಾಳು. ತುರ್ಕರಿಗೆ ಅದು ‘ಮಿಸಿರ್’, ಅಂದರೆ ಈಜಿಪ್ಟ್! ಕನ್ನಡದಲ್ಲಿ ಮೆಕ್ಕೆಜೋಳ, ಗೋವಿನಜೋಳ, ಮುಸುಕಿನಜೋಳ, ತೆಲುಗಿನಲ್ಲಿ ಮೊಕ್ಕಜೊನ್ನ, ತಮಿಳಿನಲ್ಲಿ ಮಕ್ಕಾಚೋಳಂ. ತೆನೆಯ ಮೇಲಿನ ಸಿಪ್ಪೆಯನ್ನು ನೋಡಿ ಇಟ್ಟ ‘ಮುಸುಕಿನಜೋಳ’ವೇ ಇವೆಲ್ಲವುಗಳಲ್ಲಿ ಚೆಲುವಾದ ಹೆಸರೆಂದು ನನ್ನ ಅಭಿಪ್ರಾಯ, ನಮ್ಮ ಕಡೆ ಅದು ಹೆಚ್ಚಾಗಿ ಬಳಕೆಯಲ್ಲಿಲ್ಲ ಎಂಬುದು ಬೇರೆ ಮಾತು.

ಹಳಗನ್ನಡದಲ್ಲಿ ‘ಜೋಳವಾಳಿ’ ಎಂಬ ಪದವಿದೆ. ‘ಜೋಳದ ಪಾಳಿ’ ಎಂದೂ ಹೇಳುತ್ತಾರೆ. ಒಡೆಯನ ಅನ್ನ ಉಂಡ ಋಣಕ್ಕೆ ಪ್ರಾಣವನ್ನಾದರೂ ಕೊಟ್ಟು ನಡೆದುಕೊಳ್ಳುವ ವೀರನ ನಿಷ್ಠೆಗೆ ಆ ಹೆಸರು. ಅಲ್ಲಿ ಜೋಳವೆಂದರೆ ಒಂದು ಬೆಳೆಯಷ್ಟೇ ಅಲ್ಲ, ಉಣ್ಣುವ ಅನ್ನ, ಬದುಕಿನ ಆಧಾರ. ಇಂಗ್ಲಿಷಿನ ಹಳೆಯ ‘ಕಾರ್ನ್’ಗೆ ಇಷ್ಟು ಹತ್ತಿರದ ಕನ್ನಡ ಪದ ನನಗೆ ಮತ್ತೊಂದು ಕಂಡಿಲ್ಲ. ಆದರೂ ಇಂದಿನ ಅನುವಾದಕ್ಕೆ ಅದು ಒದಗದು, ಏಕೆಂದರೆ ಇಂದಿನ ಓದುಗನಿಗೆ ಜೋಳವೆಂದರೆ ಬೆಳೆಯೇ. ಆದ್ದರಿಂದ 1815ರದನ್ನು ‘ಧಾನ್ಯ ಕಾಯ್ದೆ’ ಎನ್ನುವುದೇ ಸೂಕ್ತ. ‘ದವಸದ ಕಾಯ್ದೆ’ ಎಂದರೆ ಇನ್ನೂ ಕನ್ನಡವೆನಿಸುತ್ತದೆ. 1611ರ ಇಂಗ್ಲಿಷ್ ಬೈಬಲಿನಲ್ಲಿ ಬರುವ ‘ಕಾರ್ನ್’ಗೂ ಸಂದರ್ಭ ನೋಡಿ ದವಸ, ಗೋಧಿ, ತೆನೆ ಎಂದು ಬರೆಯಬೇಕು.

ನಾನು ಮುಖ್ಯವಾಗಿ ಕೇಳಬೇಕೆಂದಿರುವುದು ಇಂದಿನ ಆಡುಮಾತಿನ ಬಗ್ಗೆ. ದಾವಣಗೆರೆಯಲ್ಲಿ ‘ಜೋಳದ ರೊಟ್ಟಿ’ ಎಂದರೆ ಬಿಳಿಜೋಳದ್ದು ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ. ಆದರೆ ‘ಈ ಸಲ ಜೋಳ ಹಾಕೀವಿ’, ‘ಜೋಳದ ರೇಟು ಬಿತ್ತು’ ಎಂಬ ಮಾತುಗಳಲ್ಲಿ ವಿಶೇಷಣವಿಲ್ಲದ ಜೋಳ ಈಗ ಮೆಕ್ಕೆಜೋಳವೇ ಆಗಿರುತ್ತದೆ; ರೊಟ್ಟಿಯ ಜೋಳವನ್ನು ಹೇಳಬೇಕಾದಾಗ ‘ಬಿಳಿ’ ಎಂದು ಸೇರಿಸಬೇಕಾಗುತ್ತದೆ. ಅಮೆರಿಕದಲ್ಲಿ ‘ಇಂಡಿಯನ್’ ಉದುರಿ ‘ಕಾರ್ನ್’ ಉಳಿದಂತೆ ಇಲ್ಲಿ ‘ಮೆಕ್ಕೆ’ ಉದುರುತ್ತಿದೆ. ಹೊಳಲ್ಕೆರೆ, ಹಿರಿಯೂರು, ಚಳ್ಳಕೆರೆ ಕಡೆಯವರಲ್ಲಿ, ಹಾಗೆಯೇ ಗೋವಿನಜೋಳ ಎನ್ನುವ ರಾಣೆಬೆನ್ನೂರು ಕಡೆಯವರಲ್ಲಿ ಬರಿಯ ‘ಜೋಳ’ ಎಂದರೆ ಹೊಲದಲ್ಲಿ ಯಾವುದು, ಮಂಡಿಯಲ್ಲಿ ಯಾವುದು, ಅಡುಗೆಮನೆಯಲ್ಲಿ ಯಾವುದು ಎಂಬುದನ್ನು ಬಲ್ಲವರು ತಿಳಿಸಬೇಕು. ಕಾಳು ಬಿಡಿಸಿದ ಮೇಲೆ ಉಳಿಯುವ ದಿಂಡಿಗೆ ತಮ್ಮ ಊರಿನಲ್ಲಿರುವ ಹೆಸರನ್ನೂ ಜೊತೆಗೇ ಬರೆದರೆ ಉಪಕಾರವಾಗುತ್ತದೆ.